ಪೋರ್ಟಲ್ ಕಿಟಕಿ ಮತ್ತು ಶೆಟ್ಟರ ಖಾತೆ ಪುಸ್ತಕ

ಕಳೆದ ತಿಂಗಳು ಒಂದು ಸಂಜೆ ಸಕ್ಕರೆ, ಕಾಫಿಪುಡಿ ತರಲೆಂದು ಅಂಗಡಿಗೆ ಹೋಗಿದ್ದೆ. ಶೆಟ್ಟರು ಪೊಟ್ಟಣ ಕಟ್ಟುತ್ತಲೇ, "ಮೇಷ್ಟ್ರೇ, ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು" ಎಂದರು. ಅವರ ಮಗಳು ನಮ್ಮ ಶಾಲೆಯಲ್ಲೇ ಓದಿದವಳು. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಕಂಪನಿಯೊಂದಕ್ಕೆ ಸೇರಿ ಆರು ತಿಂಗಳಾಗಿದೆ.

"ಏನಮ್ಮಾ ನಿನ್ನ ಕೆಲಸ ಅಂತ ಕೇಳಿದರೆ, ಕಂಪನಿ ಪೋರ್ಟಲ್‌ನಲ್ಲಿ ರಿಪೋರ್ಟ್ ಎಂಬೆಡ್ ಮಾಡ್ತೀನಪ್ಪ ಅಂತಾಳೆ. ಎಂಬೆಡ್ ಅಂದ್ರೇನು ಅಂದ್ರೆ, ಒಂಥರಾ ಅಂಟಿಸೋದು ಅಂತ ತಿಳ್ಕೋ ಅಂತಾಳೆ. ಅಲ್ಲ ಮೇಷ್ಟ್ರೇ, ರಿಪೋರ್ಟ್ ಅಂಟಿಸೋಕೆ ನಾಲ್ಕು ವರ್ಷ ಓದಿಸಬೇಕಿತ್ತಾ? ಗೋಂದಿನ ಡಬ್ಬಿ ಕೊಟ್ಟರೆ ನಮ್ಮ ಅಂಗಡಿ ಹುಡುಗನೂ ಮಾಡ್ತಾನಲ್ಲ!"

ನಗು ಬಂತು. ಆದರೆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಇಂದು ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಇಂಥ ಕೆಲಸ ಮಾಡುತ್ತಿದ್ದಾರೆ. ಅವರು ಏನು ಮಾಡುತ್ತಿದ್ದಾರೆಂಬುದು ಮನೆಯವರಿಗೆ ಗೊತ್ತಿಲ್ಲ. ಅಲ್ಲದೆ ಈ 'ಅಂಟಿಸುವ' ಕೆಲಸದಲ್ಲಿ ಒಂದು ಕಡೆ ಎಡವಿದರೆ ಏನಾಗುತ್ತದೆ ಎಂಬುದನ್ನು ನಾನು ನಮ್ಮ ಶಾಲೆಯಲ್ಲೇ ಕಂಡವನು. ಆದ್ದರಿಂದ ಈ ವಾರ ಅದನ್ನೇ ನೋಡೋಣ.

ಅಚ್ಚಾದ ಚಿತ್ರ, ಬದಲಾಗುವ ಚಿತ್ರ

ಅಂಕಿಗಳನ್ನು ಚಿತ್ರವಾಗಿ ತೋರಿಸುವುದು ಹೊಸ ಸಂಗತಿಯೇನಲ್ಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಹೊರತಂದ ಪುಸ್ತಕದಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳ ಏರಿಳಿತವನ್ನು ರೇಖೆಗಳಲ್ಲಿ ತೋರಿಸಿದ. ಸ್ಕಾಟ್ಲೆಂಡಿನ ವ್ಯಾಪಾರದ ಸರದಿ ಬಂದಾಗ ಅವನ ಬಳಿ ಇದ್ದದ್ದು ಒಂದೇ ವರ್ಷದ ಲೆಕ್ಕ. ಒಂದು ವರ್ಷದ ಲೆಕ್ಕದಿಂದ ಏರಿಳಿತದ ರೇಖೆ ಎಳೆಯುವುದು ಹೇಗೆ? ಆತ ಒಂದೊಂದು ದೇಶಕ್ಕೂ ಪಟ್ಟಿಗಳನ್ನು ಎಳೆದ. ನೀವು ಗಣಿತ ಪುಸ್ತಕದಲ್ಲಿ ಬರೆಯುವ ಸ್ತಂಭಾಲೇಖ ಹುಟ್ಟಿದ್ದು ಹೀಗೆ, ಲೆಕ್ಕದ ಕೊರತೆಯಿಂದ! ದುಂಡನೆಯ ಪೈ ನಕ್ಷೆಯನ್ನೂ 1801ರಲ್ಲಿ ಅವನೇ ಬಳಕೆಗೆ ತಂದ.

ಆದರೆ ಪ್ಲೇಫೇರನ ಚಿತ್ರ ಒಮ್ಮೆ ಅಚ್ಚಾದರೆ ಮುಗಿಯಿತು. ಮರುದಿನ ಹಡಗಿನಲ್ಲಿ ಎಷ್ಟೇ ಸರಕು ಬಂದರೂ ಪುಸ್ತಕದಲ್ಲಿನ ರೇಖೆ ಒಂದು ಕೂದಲೆಳೆಯಷ್ಟೂ ಮೇಲೇರುವುದಿಲ್ಲ.

ಈಗ ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ತಯಾರಿಸುವ ಒಂದು ಕಂಪನಿ. ರಾಜ್ಯದಾದ್ಯಂತ ಅದಕ್ಕೆ ನೂರು ಜನ ಡೀಲರುಗಳು. ಹಿಂದಿನ ಕಾಲದಲ್ಲಾದರೆ ತಿಂಗಳ ಕೊನೆಯಲ್ಲಿ ಲೆಕ್ಕ ಕೂಡಿಸಿ, ಟೈಪ್ ಮಾಡಿಸಿ, ಅಂಚೆಗೆ ಹಾಕುತ್ತಿದ್ದರು. ಹಾಸನದ ಡೀಲರಿಗೆ ಆ ಕಾಗದ ತಲುಪುವ ಹೊತ್ತಿಗೆ ಮುಂದಿನ ತಿಂಗಳು ಹತ್ತು ದಿನ ಕಳೆದಿರುತ್ತಿತ್ತು. ಇಂದು ಅದೇ ಡೀಲರು ಕಂಪನಿಯ ಪೋರ್ಟಲ್ ತೆರೆಯುತ್ತಾರೆ. ತಮ್ಮ ಹೆಸರು, ಪಾಸ್‌ವರ್ಡ್ ಕೊಡುತ್ತಾರೆ. ಪುಟದ ನಡುವೆ ಒಂದು ಚೌಕಟ್ಟು. ಅದರೊಳಗೆ ಈ ತಿಂಗಳು ಎಷ್ಟು ಪಂಪು ಹೋಯಿತು, ಗೋದಾಮಿನಲ್ಲಿ ಎಷ್ಟು ಉಳಿದಿದೆ, ಎಷ್ಟು ಹಣ ಬಾಕಿ ಎಂಬ ಬಣ್ಣದ ಸ್ತಂಭಗಳು. ನಾಳೆ ತೆರೆದರೆ ಸ್ತಂಭಗಳ ಎತ್ತರ ಬೇರೆ. ಯಾರೂ ರಾತ್ರಿ ಕುಳಿತು ಹೊಸ ಚಿತ್ರ ಬರೆದಿಲ್ಲ!

ಚೌಕಟ್ಟಿನ ಹಿಂದೆ ನಡೆಯುವುದೇನು?

ಗುಟ್ಟು ಇಷ್ಟೆ. ಆ ಚೌಕಟ್ಟಿನಲ್ಲಿ ಚಿತ್ರವನ್ನು ಅಂಟಿಸಿಲ್ಲ, ಒಂದು ಕಿಟಕಿ ಇಟ್ಟಿದ್ದಾರೆ. ನಮ್ಮ ಮನೆಯ ಗೋಡೆಯಲ್ಲಿ ಕಿಟಕಿ ಇದೆ. ಅದರಿಂದ ಕಾಣುವ ತೆಂಗಿನ ಮರ ಪಕ್ಕದವರದು. ಕಿಟಕಿ ನಮ್ಮದು, ನೋಟ ಅಲ್ಲಿಯದು. ಹಾಗೆಯೇ ಪುಟ ಕಂಪನಿಯ ಜಾಲತಾಣದ್ದು. ಅದರೊಳಗಿನ ವರದಿ ಬರುವುದು ಬೇರೊಂದು ಗಣಕದಿಂದ, ಅಂದರೆ ವರದಿ ಸಿದ್ಧಪಡಿಸುವ ಸರ್ವರ್‌ನಿಂದ. ಜಾಲಪುಟ ಬರೆಯುವ ಎಚ್‌ಟಿಎಂಎಲ್ ಭಾಷೆಯ 1997ರ ನಾಲ್ಕನೆಯ ಆವೃತ್ತಿಯಲ್ಲಿ 'ಐಫ್ರೇಮ್' ಎಂಬ ಇಂಥ ಕಿಟಕಿಗೆ ಅಧಿಕೃತ ಸ್ಥಾನ ಸಿಕ್ಕಿತು. ಜಾಲತಾಣಗಳ ಪುಟದಲ್ಲಿ ಯೂಟ್ಯೂಬ್ ವಿಡಿಯೊ, ಭೂಪಟಗಳು ಕಾಣುವುದು ಬಹುಪಾಲು ಈ ಉಪಾಯದಿಂದಲೇ.

ಡೀಲರು ಪುಟ ತೆರೆದ ಒಂದೆರಡು ಸೆಕೆಂಡುಗಳಲ್ಲಿ ನಾಲ್ಕು ಕೆಲಸಗಳು ಸಾಲಾಗಿ ನಡೆಯುತ್ತವೆ. ಮೊದಲನೆಯದು, ಬಂದವರು ಯಾರು ಎಂದು ಪೋರ್ಟಲ್ ಗುರುತಿಸುತ್ತದೆ. ಎರಡನೆಯದು, ಇವರು ಇಂಥವರು, ಇವರಿಗೆ ಇಷ್ಟು ತೋರಿಸಬಹುದು ಎಂದು ವರದಿಯ ಸರ್ವರಿಗೆ ತಿಳಿಸಿ ಒಂದು ಚೀಟಿ ಪಡೆಯುತ್ತದೆ. ಇದಕ್ಕೆ ಟೋಕನ್ ಎನ್ನುತ್ತಾರೆ. ಮೂರನೆಯದು, ಕಿಟಕಿಯೊಳಗಿನ ವರದಿ ಆ ಚೀಟಿ ತೋರಿಸಿ ಡೇಟಾಬೇಸ್ ಎಂಬ ದತ್ತಾಂಶ ಭಂಡಾರವನ್ನು ಪ್ರಶ್ನಿಸುತ್ತದೆ: 'ಹಾಸನದ ಡೀಲರಿಗೆ ಈ ತಿಂಗಳು ಹೋದ ಪಂಪು ಎಷ್ಟು?' ನಾಲ್ಕನೆಯದು, ಬಂದ ಉತ್ತರಕ್ಕೆ ತಕ್ಕಂತೆ ಸ್ತಂಭಗಳನ್ನು ಆಗಿಂದಾಗಲೇ ಎಳೆಯುತ್ತದೆ.

ಈ ಸಾಲಿನ ಒಂದೊಂದು ಕೊಂಡಿಗೂ ಒಂದೊಂದು ಚರಿತ್ರೆಯಿದೆ. ಮಾಹಿತಿಯನ್ನು ಸಾಲು, ಕಂಬಗಳ ಕೋಷ್ಟಕಗಳಲ್ಲಿಟ್ಟು ಪ್ರಶ್ನಿಸುವ ವಿಧಾನವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ. ಜಾಲಪುಟದಿಂದ ಬಂದ ಕೋರಿಕೆಗೆ ತಕ್ಕಂತೆ ಸರ್ವರ್ ಆ ಕ್ಷಣದಲ್ಲೇ ಪುಟ ತಯಾರಿಸಿ ಕೊಡುವ ಸಾಮಾನ್ಯ ಏರ್ಪಾಡು 1993ರ ಸುಮಾರಿಗೆ ಬಂತು. ವರದಿಗಳನ್ನು ತಯಾರಿಸಿ ಹೀಗೆ ಕಿಟಕಿಯಲ್ಲಿಡುವ ಟ್ಯಾಬ್ಲೊ, ಪವರ್ ಬಿಐ ಮುಂತಾದ ತಂತ್ರಾಂಶಗಳು ಈ ಶತಮಾನದವು. ಟ್ಯಾಬ್ಲೊ ಕಂಪನಿ ಶುರುವಾದದ್ದು 2003ರಲ್ಲಿ. ಮೈಕ್ರೋಸಾಫ್ಟ್‌ನ ಪವರ್ ಬಿಐ ಎಲ್ಲರಿಗೂ ದೊರೆತದ್ದು 2015ರಲ್ಲಿ.

ಇಂಥ ವರದಿಯನ್ನು ನೀವೂ ನೋಡಿರುತ್ತೀರಿ. ಕೊರೊನಾ ದಿನಗಳಲ್ಲಿ ಕಪ್ಪು ಭೂಪಟದ ಮೇಲೆ ಕೆಂಪು ಚುಕ್ಕೆಗಳು ದಿನದಿನಕ್ಕೆ ಹಿಗ್ಗುತ್ತಿದ್ದುದು ನೆನಪಿದೆಯೆ? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಲಾರೆನ್ ಗಾರ್ಡ್ನರ್ ಮತ್ತು ಅವರ ವಿದ್ಯಾರ್ಥಿ ಎನ್‌ಶೆಂಗ್ ಡಾಂಗ್ 2020ರ ಜನವರಿ 22ರಂದು ಅದನ್ನು ಜಾಲಕ್ಕೆ ಬಿಟ್ಟರು. ಅದಕ್ಕೆ ಅಂಕಿ ತುಂಬುವ ಕೆಲಸ 2023ರ ಮಾರ್ಚ್ 10ರಂದು ನಿಂತಿತು.

'ಈಗ' ಎಂದರೆ ಯಾವಾಗ?

ಇಲ್ಲಿ ಒಂದು ಎಚ್ಚರಿಕೆ. ಚಿತ್ರ ಬದಲಾಗುತ್ತದೆ ಎಂದ ಮಾತ್ರಕ್ಕೆ ಅದು ಈ ಕ್ಷಣದ್ದೆಂದು ತಿಳಿಯಬೇಡಿ. ನೂರು ಡೀಲರುಗಳು ಒಟ್ಟಿಗೆ ಪುಟ ತೆರೆದರೆ ಮೂಲ ಭಂಡಾರಕ್ಕೆ ಒಮ್ಮೆಲೇ ನೂರಾರು ಪ್ರಶ್ನೆಗಳು ಬೀಳುತ್ತವೆ. ಅದೇ ಭಂಡಾರದಲ್ಲಿ ಆ ಹೊತ್ತಿಗೆ ಬಿಲ್ ಬರೆಯುವ ಕೆಲಸವೂ ನಡೆದಿರುತ್ತದೆ. ಆದ್ದರಿಂದ ಹಲವು ಕಂಪನಿಗಳು ದಿನಕ್ಕೆ ಕೆಲವು ಸಲ ಮಾತ್ರ ಲೆಕ್ಕದ ಪ್ರತಿ ತೆಗೆದುಕೊಂಡು, ವರದಿಯನ್ನು ಆ ಪ್ರತಿಯಿಂದ ತೋರಿಸುತ್ತವೆ. ಪವರ್ ಬಿಐಯ ಪ್ರೊ ಎಂಬ ಪರವಾನಗಿಯಲ್ಲಿ ಹೀಗೆ ವೇಳೆ ಗೊತ್ತುಮಾಡಿ ಪ್ರತಿ ಹೊಸದು ಮಾಡಿಕೊಳ್ಳುವುದು ದಿನಕ್ಕೆ 8 ಸಲ, ಹೆಚ್ಚು ಬೆಲೆಯ ಪ್ರೀಮಿಯಂನಲ್ಲಿ 48 ಸಲ. ಪ್ರತಿ ಸಲವೂ ಮೂಲವನ್ನೇ ಕೇಳುವ ದಾರಿಯೂ ಇದೆ. ಅದರಲ್ಲಿ ಲೆಕ್ಕ ತಾಜಾ, ಪುಟ ನಿಧಾನ.

ಬೆಳಗಿನ ಹಾಲಿನಲ್ಲಿ ಸಂಜೆ ಕಾಫಿ ಮಾಡಿದರೆ ತಪ್ಪೇನಿಲ್ಲ. ಆದರೆ ಅದು ಬೆಳಗಿನ ಹಾಲು ಎಂಬುದು ಕಾಫಿ ಮಾಡುವವರಿಗೆ ಗೊತ್ತಿರಬೇಕು. ಆದ್ದರಿಂದ ಒಳ್ಳೆಯ ವರದಿಯ ಮೂಲೆಯಲ್ಲಿ 'ಕೊನೆಯ ಲೆಕ್ಕ: ಬೆಳಿಗ್ಗೆ 10 ಗಂಟೆ' ಎಂಬ ಸಾಲು ಇದ್ದೇ ಇರುತ್ತದೆ. ಆ ಸಾಲಿಲ್ಲದ ವರದಿ ಎಷ್ಟೇ ಬಣ್ಣ ಬಣ್ಣವಾಗಿದ್ದರೂ ತಾರೀಖಿಲ್ಲದ ಕಾಗದವಿದ್ದಂತೆ.

ಯಾರಿಗೆ ಎಷ್ಟು?

ಈಗ ಮುಖ್ಯ ವಿಷಯ. ಹಾಸನದ ಡೀಲರು ನೋಡಬೇಕಾದದ್ದು ಹಾಸನದ ಲೆಕ್ಕ. ಕಲಬುರಗಿಯವರು ನೋಡಬೇಕಾದದ್ದು ಕಲಬುರಗಿಯದು. ಕಂಪನಿಯ ಮಾರಾಟ ಮುಖ್ಯಸ್ಥರಿಗೆ ಎಲ್ಲವೂ ಕಾಣಬೇಕು. ಮೂವರಿಗೂ ಪುಟ ಒಂದೇ, ವರದಿ ಒಂದೇ, ಭಂಡಾರವೂ ಒಂದೇ. ಇದನ್ನು ನಿಭಾಯಿಸುವುದು ಹೇಗೆ?

ಇದಕ್ಕೆ ಉತ್ತರ ಶೆಟ್ಟರ ಅಂಗಡಿಯಲ್ಲೇ ಇದೆ. ಅವರ ಗಲ್ಲಾದ ಪಕ್ಕದಲ್ಲಿ ಉದ್ರಿಯ ಖಾತೆ ಪುಸ್ತಕವಿದೆ. ಊರಿನ ಅರ್ಧ ಮನೆಗಳ ಬಾಕಿ ಅದರಲ್ಲಿದೆ. ನೀವು ಹೋಗಿ, "ಶೆಟ್ಟರೇ, ನನ್ನ ಲೆಕ್ಕ ಎಷ್ಟಾಯಿತು?" ಎಂದು ಕೇಳಿದರೆ ಅವರು ಪುಸ್ತಕವನ್ನು ನಿಮ್ಮ ಕೈಗೆ ಕೊಡುವುದಿಲ್ಲ. ತಾವೇ ಪುಟ ತಿರುವಿ, ನಿಮ್ಮ ಬಾಕಿಯನ್ನಷ್ಟೇ ಮೆಲುದನಿಯಲ್ಲಿ ಹೇಳುತ್ತಾರೆ. ವರದಿಯ ಭಾಷೆಯಲ್ಲಿ ಇದಕ್ಕೆ 'ಸಾಲು ಮಟ್ಟದ ಭದ್ರತೆ' ಎಂದು ಹೆಸರು. ಕೇಳಿದವರು ಯಾರು ಎಂಬುದರ ಮೇಲೆ ಭಂಡಾರದಿಂದ ಯಾವ ಸಾಲು ಹೊರಬರಬೇಕೆಂಬುದು ತೀರ್ಮಾನವಾಗುತ್ತದೆ. ಉಳಿದ ಸಾಲುಗಳು ಹೊರಕ್ಕೇ ಬರುವುದಿಲ್ಲ.

ಇದಕ್ಕೆ ಬದಲಾಗಿ ಶೆಟ್ಟರು ಪುಸ್ತಕವನ್ನೇ ನಿಮ್ಮ ಮುಂದೆ ಹರಡಿ, ಬೇರೆಯವರ ಹೆಸರಿನ ಮೇಲೆ ಅಂಗೈ ಅಡ್ಡ ಇಟ್ಟುಕೊಂಡರೆ? ಫೋನ್ ಬಂದಾಗ ಕೈ ಎತ್ತಿದರೆ ಮುಗಿಯಿತು. ಕೆಲವು ಪೋರ್ಟಲ್‌ಗಳು ಹೀಗೇ ಇರುತ್ತವೆ. ಇಡೀ ಲೆಕ್ಕವನ್ನು ನಿಮ್ಮ ಮೊಬೈಲಿಗೆ ಕಳಿಸಿ, ಬೇಡದ್ದನ್ನು ಪರದೆಯ ಮೇಲೆ ಮಾತ್ರ ಮರೆಮಾಡುತ್ತವೆ. ನೋಡುವ ಕಣ್ಣಿಗೆ ಎರಡೂ ಒಂದೇ. ಸ್ವಲ್ಪ ತಿಳಿದವರು ಕೆದಕಿದರೆ ಮರೆಯಲ್ಲಿದ್ದದ್ದೆಲ್ಲ ಹೊರಬರುತ್ತದೆ.

ಟೋಕನ್ನಿನ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ಅದು ಬಸ್ ಟಿಕೆಟ್ಟಿದ್ದಂತೆ. ಈ ಪ್ರಯಾಣಿಕ, ಈ ಊರಿನವರೆಗೆ, ಈ ಸಲ ಮಾತ್ರ. ಅವಧಿ ಮುಗಿದರೆ ಹೊಸದು ಬೇಕು. ಭಂಡಾರದ ಮೂಲ ಬೀಗದ ಕೈ ಎಂದೂ ಸರ್ವರ್ ಬಿಟ್ಟು ನೋಡುಗರ ಮೊಬೈಲಿಗೆ ಬರಕೂಡದು. ಪವರ್ ಬಿಐಯಲ್ಲಿ 'ಪಬ್ಲಿಷ್ ಟು ವೆಬ್' ಎಂಬ ಸುಲಭದ ದಾರಿಯೂ ಇದೆ. ಅದರಲ್ಲಿ ಚೀಟಿಯೂ ಇಲ್ಲ, ಪಾಸ್‌ವರ್ಡೂ ಇಲ್ಲ. ವಿಳಾಸ ಗೊತ್ತಿರುವ ಯಾರು ಬೇಕಾದರೂ ನೋಡಬಹುದು. ಮಳೆಯ ಲೆಕ್ಕಕ್ಕೆ ಅದು ಸರಿ, ಜನರ ಲೆಕ್ಕಕ್ಕೆ ಸಲ್ಲದು.

ನಮ್ಮ ಶಾಲೆಯಲ್ಲಿ ನಡೆದದ್ದು

ಇನ್ನು ನನ್ನ ತಪ್ಪಿನ ಕಥೆ. 2022ರಲ್ಲಿ ನಮ್ಮ ಶಾಲೆಗೂ ಒಂದು ಪೋರ್ಟಲ್ ಬಂತು. ಪೋಷಕರು ಮನೆಯಲ್ಲೇ ಕುಳಿತು ಮಗುವಿನ ಹಾಜರಾತಿ, ಅಂಕ, ತರಗತಿಯ ಸರಾಸರಿ ನೋಡಬಹುದು. ಖರ್ಚೇಕೆ ಎಂದ ಆಡಳಿತ ಮಂಡಳಿಯವರನ್ನು ಒಪ್ಪಿಸಿದವನು ನಾನೇ. ಪೋಷಕರ ಸಭೆಯಲ್ಲಿ ಗೋಡೆಯ ಮೇಲೆ ಬಣ್ಣದ ಸ್ತಂಭಗಳನ್ನು ಮೂಡಿಸಿ ತೋರಿಸಿದವನೂ ನಾನೇ. ಚಪ್ಪಾಳೆ ಬಿತ್ತು. ನಾನು ಹಿಗ್ಗಿದೆ.

ಅರ್ಧವಾರ್ಷಿಕ ಪರೀಕ್ಷೆಯ ನಂತರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಾಲ್ಕು ದಿನ ಶಾಲೆಗೆ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡೆ. ಐದನೆಯ ದಿನ ಅವಳ ತಾಯಿ ಬಂದರು. "ಗಣಿತದಲ್ಲಿ ಹನ್ನೊಂದು ಬಂದಿರೋದು ನಮ್ಮ ಬೀದಿಗೆಲ್ಲ ಗೊತ್ತಾಗಿದೆ ಸರ್. ನಲ್ಲಿ ಹತ್ತಿರ ಹೋದರೆ ಅದನ್ನೇ ಕೇಳ್ತಾರೆ. ನಾವಂತೂ ಯಾರಿಗೂ ಹೇಳಿಲ್ಲ. ನೀವೇನಾದರೂ ಹೇಳಿದಿರಾ?"

ನಾನು ಹೇಳಿರಲಿಲ್ಲ. ವಿಚಾರಿಸಿದಾಗ ತಿಳಿಯಿತು. ಅಂಕಪಟ್ಟಿ ತೆರೆದಾಗ ಜಾಲವಿಳಾಸದ ಕೊನೆಯಲ್ಲಿ ಮಗುವಿನ ಸಂಖ್ಯೆ ಕಾಣುತ್ತಿತ್ತು. ಅದೇ ಬೀದಿಯ ಹುಡುಗನೊಬ್ಬ ತಮಾಷೆಗೆಂದು ಕೊನೆಯ ಅಂಕಿ ಬದಲಿಸಿದ್ದಾನೆ. ಬೇರೊಬ್ಬರ ಅಂಕಪಟ್ಟಿ ತೆರೆದುಕೊಂಡಿದೆ. ನಾನೂ ಸಹೋದ್ಯೋಗಿಯ ಮೊಬೈಲಿನಲ್ಲಿ ಪರೀಕ್ಷಿಸಿದೆ. ಹತ್ತು ಸಲ ಅಂಕಿ ಬದಲಿಸಿದೆ. ಹತ್ತು ಮಕ್ಕಳ ಅಂಕ, ಹಾಜರಾತಿ, ತಂದೆಯ ಫೋನ್ ನಂಬರು ಸಾಲಾಗಿ ಬಂದವು. ಕೈ ತಣ್ಣಗಾಯಿತು. ಪೋರ್ಟಲ್ ಕೇಳುತ್ತಿದ್ದದ್ದು 'ನೀನು ಯಾರೋ ಒಬ್ಬ ಪೋಷಕನೆ?' ಎಂದು ಮಾತ್ರ. 'ಈ ಮಗುವಿನ ಪೋಷಕನೆ?' ಎಂದು ಕೇಳುತ್ತಿರಲಿಲ್ಲ. ಪೋರ್ಟಲ್ ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ, "ಹಾಗೆಲ್ಲ ವಿಳಾಸ ಬದಲಿಸಿ ಯಾರು ಸರ್ ನೋಡ್ತಾರೆ?" ಎಂಬ ಉತ್ತರ!

ಅಂದೇ ಸಂಜೆ ಪೋರ್ಟಲ್ ನಿಲ್ಲಿಸಿದೆವು. ಸರಿಪಡಿಸಲು ಮೂರು ವಾರ ಹಿಡಿಯಿತು. ನಾನು ಹುಡುಗಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ಶಾಲೆಗೆ ಬಂದಳು. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೂ ತೇರ್ಗಡೆಯಾದಳು. ಆದರೆ ಆ ವರ್ಷವಿಡೀ ತರಗತಿಯಲ್ಲಿ ಒಂದು ಸಲವೂ ಕೈ ಎತ್ತಿ ಪ್ರಶ್ನೆ ಕೇಳಲಿಲ್ಲ. ಆ ಬಾಕಿಯನ್ನು ನಾನು ಯಾವ ಖಾತೆಗೆ ಬರೆಯಲಿ?

ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು. ಅದಕ್ಕೆ ಮೊದಲು ಎಷ್ಟೋ ವರ್ಷ ನಾನೇ ಉತ್ತರ ಪತ್ರಿಕೆ ಹಂಚುವಾಗ ಅಂಕಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಅದು ಮಕ್ಕಳನ್ನು ತಿದ್ದುತ್ತದೆ ಎಂದು ನಂಬಿದ್ದೆ. ಆ ತಾಯಿ ಬಂದುಹೋದ ಮೇಲೆ ಆ ಅಭ್ಯಾಸವನ್ನೂ ಬಿಟ್ಟೆ.

ದೊಡ್ಡವರೂ ಎಡವುತ್ತಾರೆ

ಇದು ಸಣ್ಣ ಊರಿನ ಸಣ್ಣ ಪೋರ್ಟಲ್‌ನ ಕಥೆ ಎಂದುಕೊಳ್ಳಬೇಡಿ. ಅಪ್‌ಗಾರ್ಡ್ ಎಂಬ ಭದ್ರತಾ ಸಂಸ್ಥೆ 2021ರ ಆಗಸ್ಟ್‌ನಲ್ಲಿ ಒಂದು ವಿಷಯ ಬಯಲು ಮಾಡಿತು. ಮೈಕ್ರೋಸಾಫ್ಟ್‌ನ ಪವರ್ ಆ್ಯಪ್ಸ್ ಎಂಬ ಸಲಕರಣೆಯಿಂದ ಕಟ್ಟಿದ ಪೋರ್ಟಲ್‌ಗಳಲ್ಲಿ 47 ಸಂಸ್ಥೆಗಳ ಸುಮಾರು 3 ಕೋಟಿ 80 ಲಕ್ಷ ದಾಖಲೆಗಳು ಯಾರು ಬೇಕಾದರೂ ನೋಡುವಂತೆ ತೆರೆದುಕೊಂಡಿದ್ದವು. ಆ ಸಂಸ್ಥೆಗಳ ಪಟ್ಟಿಯಲ್ಲಿ ಅಮೆರಿಕದ ಸರ್ಕಾರಿ ಇಲಾಖೆಗಳಿದ್ದವು, ದೊಡ್ಡ ಕಂಪನಿಗಳಿದ್ದವು, ಸ್ವತಃ ಮೈಕ್ರೋಸಾಫ್ಟೂ ಇತ್ತು. ಯಾರೂ ಕನ್ನ ಕೊರೆದಿರಲಿಲ್ಲ. ಯಾವ ಕೋಷ್ಟಕವನ್ನು ಯಾರು ನೋಡಬಹುದೆಂಬ ಅನುಮತಿಯ ಗುಂಡಿಯನ್ನು ಕಟ್ಟಿದವರೇ ಒತ್ತಬೇಕಿತ್ತು, ಅವರು ಒತ್ತಿರಲಿಲ್ಲ. ಆಮೇಲೆ ಆ ಅನುಮತಿ ತಾನಾಗಿಯೇ ಜಾರಿಯಲ್ಲಿರುವಂತೆ ಮೈಕ್ರೋಸಾಫ್ಟ್ ಬದಲಾವಣೆ ಮಾಡಿತು. ಜಾಲತಾಣಗಳ ಭದ್ರತೆಯ ಲೋಪಗಳನ್ನು ಪಟ್ಟಿ ಮಾಡುವ ಓವಾಸ್ಪ್ ಎಂಬ ಸಂಸ್ಥೆಯ 2021ರ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದೂ ಇದೇ ಜಾತಿಯ ತಪ್ಪಿಗೆ: ಯಾರು ಏನನ್ನು ನೋಡಬಹುದು ಎಂಬುದನ್ನು ಸರಿಯಾಗಿ ಪರೀಕ್ಷಿಸದಿರುವುದು.

ಪೋಷಕರು ಕೇಳಬೇಕಾದ ಮೂರು ಪ್ರಶ್ನೆ

ನಿಮ್ಮ ಮಗುವಿನ ಶಾಲೆಯಲ್ಲೋ ಟ್ಯೂಷನ್ ಕೇಂದ್ರದಲ್ಲೋ ಇಂಥ ಪೋರ್ಟಲ್ ಇದ್ದರೆ ಮೂರು ಪ್ರಶ್ನೆ ಕೇಳಿ. ಇದರಲ್ಲಿರುವ ಲೆಕ್ಕ ಯಾವ ಹೊತ್ತಿನದು? ನನ್ನ ಮಗುವಿನ ಮಾಹಿತಿಯನ್ನು ನಾನಲ್ಲದೆ ಇನ್ನು ಯಾರು ಯಾರು ನೋಡಬಹುದು? ಮಗು ಶಾಲೆ ಬಿಟ್ಟ ಮೇಲೆ ಆ ಮಾಹಿತಿಯನ್ನು ಏನು ಮಾಡುತ್ತೀರಿ? ಕೇಳಲು ಸಂಕೋಚ ಬೇಡ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅವರ ಮಾಹಿತಿ ಬಳಸಲು ತಂದೆತಾಯಿಯರ ಒಪ್ಪಿಗೆ ಬೇಕೆನ್ನುತ್ತದೆ.

ವಿದ್ಯಾರ್ಥಿ ಮಿತ್ರರೇ, ಈ ಕ್ಷೇತ್ರಕ್ಕೆ ಬರುವ ಆಸೆಯಿದ್ದರೆ ಮೊದಲು ಸರಾಸರಿ, ಶೇಕಡಾ, ನಕ್ಷೆ ಎಳೆಯುವುದು ಗಟ್ಟಿಯಾಗಲಿ. ಆಮೇಲೆ ಡೇಟಾಬೇಸನ್ನು ಪ್ರಶ್ನಿಸುವ ಎಸ್‌ಕ್ಯುಎಲ್ ಭಾಷೆ ಕಲಿಯಿರಿ. ಬಣ್ಣದ ಸ್ತಂಭ ಎಳೆಯುವುದನ್ನು ತಂತ್ರಾಂಶ ಮಾಡಿಕೊಡುತ್ತದೆ. ಯಾರಿಗೆ ಎಷ್ಟು ಕಾಣಬೇಕೆಂದು ಯೋಚಿಸುವುದನ್ನು ನೀವೇ ಮಾಡಬೇಕು.

ಮಾಡಿ ನೋಡಿ

ಒಂದು ಹಾಳೆಯಲ್ಲಿ ಹತ್ತು ಗೆಳೆಯರ ಕ್ರಮಸಂಖ್ಯೆ, ಹೆಸರು, ಕ್ರಿಕೆಟ್‌ನಲ್ಲಿ ಗಳಿಸಿದ ರನ್ ಬರೆಯಿರಿ. ಇದೇ ನಿಮ್ಮ ಭಂಡಾರ. ಒಬ್ಬ ಗುಮಾಸ್ತನಾಗಲಿ. ಉಳಿದವರು ಚೀಟಿಯಲ್ಲಿ ಸಂಖ್ಯೆ ಬರೆದು ಕೊಡಲಿ. ಗುಮಾಸ್ತ ಆ ಸಂಖ್ಯೆಯ ರನ್ ಬರೆದು ಕೊಡಲಿ. ಈಗ ಒಬ್ಬರು ಬೇಕೆಂದೇ ಇನ್ನೊಬ್ಬರ ಸಂಖ್ಯೆ ಬರೆದು ಕೊಡಿ. ಗುಮಾಸ್ತ ತಲೆ ಎತ್ತಿ ಮುಖ ನೋಡದೆ ಉತ್ತರ ಬರೆದರೆ, ನಮ್ಮ ಶಾಲೆಯ ಪೋರ್ಟಲ್ ಮಾಡಿದ ತಪ್ಪು ಯಾವುದೆಂದು ನಿಮಗೆ ಅರ್ಥವಾಯಿತು. ಆಟ ಮುಗಿಯುವುದರೊಳಗೆ ಗುಮಾಸ್ತ ಪಾಲಿಸಬೇಕಾದ ನಿಯಮಗಳನ್ನು ನೀವೇ ಬರೆಯಿರಿ.

ಕಥೆಯನ್ನೆಲ್ಲ ಕೇಳಿದ ಶೆಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ಅವಳು ಮಾಡ್ತಿರೋದು ನಮ್ಮ ಅಂಗಡಿ ಕೆಲಸಾನೇ ಅನ್ನಿ" ಎಂದರು. "ಅದೇ ಕೆಲಸ ಶೆಟ್ಟರೇ. ಗಿರಾಕಿಗಳು ಮಾತ್ರ ಲಕ್ಷ ಲಕ್ಷ" ಎಂದೆ. ಅವರ ಮುಖ ಅರಳಿತು. ಆಮೇಲೆ ನನ್ನ ಲೆಕ್ಕ ಕೇಳಿದೆ. ಪಕ್ಕದಲ್ಲಿ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ಶೆಟ್ಟರು ಖಾತೆ ಪುಸ್ತಕ ತೆಗೆದು, ಪುಟ ತಿರುವಿ, ಸಣ್ಣ ಚೀಟಿಯಲ್ಲಿ ಮೊತ್ತ ಬರೆದು ಮಡಿಸಿ ನನ್ನ ಕೈಗಿತ್ತರು. ಅದರಲ್ಲಿ ಎಷ್ಟಿತ್ತೆಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ, ಅಲ್ಲವೆ?